ನೆಲ ಯಾರದ್ದು, ಲೆಕ್ಕ ಯಾರದ್ದು: ಕ್ಯಾಲಿಫೋರ್ನಿಯಾದ ಪುನರಭಿವೃದ್ಧಿ ಏಜೆನ್ಸಿಗಳ ಆಸ್ತಿ ನಗರಗಳ ಕೈ ಸೇರಿದ ಬಗೆ

2012ರ ಫೆಬ್ರವರಿ 1ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸುಮಾರು 400 ಪುನರಭಿವೃದ್ಧಿ ಏಜೆನ್ಸಿಗಳು ಒಂದೇ ದಿನ ರದ್ದಾದವು. ಅವುಗಳ ಹೆಸರಿನಲ್ಲಿ ಖಾಲಿ ನಿವೇಶನ, ವಾಹನ ನಿಲುಗಡೆಯ ಜಾಗ, ಬಾಡಿಗೆಗೆ ಕೊಟ್ಟ ಮಳಿಗೆ, ಮುಚ್ಚಿಹೋದ ಚಿತ್ರಮಂದಿರ, ಉದ್ಯಾನ ಹೀಗೆ ನಾನಾ ಬಗೆಯ ಸ್ವತ್ತುಗಳಿದ್ದವು. ಏಜೆನ್ಸಿಯೇ ಇಲ್ಲವಾದ ಮೇಲೆ ಅವು ಯಾರಿಗೆ ಸೇರಬೇಕು? ಆಯಾ ನಗರಕ್ಕೇ ಎಂದು ಮೊದಲ ನೋಟಕ್ಕೆ ಯಾರಿಗಾದರೂ ಅನ್ನಿಸುತ್ತದೆ. ಏಜೆನ್ಸಿಯನ್ನು ಹುಟ್ಟುಹಾಕಿದ್ದು ನಗರ. ಬಹುಪಾಲು ಊರುಗಳಲ್ಲಿ ನಗರಸಭೆಯ ಸದಸ್ಯರೇ ಏಜೆನ್ಸಿಯ ಆಡಳಿತ ಮಂಡಳಿಯಲ್ಲೂ ಕೂರುತ್ತಿದ್ದರು. ರಾಜ್ಯದ ಶಾಸನ ಮಾತ್ರ ಇದನ್ನು ಒಪ್ಪಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆ ಎಂಬುದಕ್ಕಿಂತ, ಆ ನೆಲವನ್ನು ಯಾರ ಪಾಲಿನ ತೆರಿಗೆಯಿಂದ ಕೊಂಡದ್ದು ಎಂಬ ಪ್ರಶ್ನೆಯನ್ನು ಅದು ಮುಂದಿಟ್ಟಿತು. ಈ ಲೆಕ್ಕ ಹಿಡಿದ ದಿಕ್ಕು ಸರಿಯಾಗಿತ್ತು, ಆದರೆ ಅದು ನಡುದಾರಿಯಲ್ಲೇ ನಿಂತಿತು ಎಂಬುದು ನನ್ನ ವಾದ. ತೆರಿಗೆ ಕಳೆದುಕೊಂಡವರನ್ನು ಶಾಸನ ಹಕ್ಕುದಾರರೆಂದು ಎಣಿಸಿತು. ಮನೆ ಕಳೆದುಕೊಂಡವರನ್ನು ಎಣಿಸಲಿಲ್ಲ.

ಮೊದಲು ತೆರಿಗೆಯ ಕಥೆ ತಿಳಿಯಬೇಕು. ಪುನರಭಿವೃದ್ಧಿ ಕಾಯ್ದೆ ಬಂದದ್ದು 1945ರಲ್ಲಿ. ಅದಕ್ಕೆ ಹಣದ ದಾರಿ ತೆರೆದದ್ದು 1952ರಲ್ಲಿ ಮತದಾರರು ಒಪ್ಪಿದ ಸಂವಿಧಾನ ತಿದ್ದುಪಡಿ. ನಗರವು ಒಂದು ಪ್ರದೇಶವನ್ನು ಹಾಳುಬಿದ್ದದ್ದು ಎಂದು ಘೋಷಿಸಿ ಯೋಜನೆಯೊಂದನ್ನು ಅಂಗೀಕರಿಸಿದರೆ, ಆ ವರ್ಷದ ಆಸ್ತಿ ಮೌಲ್ಯವೇ ಮೂಲ ಮೌಲ್ಯವೆಂದು ನಿಗದಿಯಾಗುತ್ತಿತ್ತು. ಮುಂದೆ ಮೌಲ್ಯ ಏರಿದಂತೆ ಹೆಚ್ಚುವ ತೆರಿಗೆಯೆಲ್ಲ ಏಜೆನ್ಸಿಗೆ. ಲೆಕ್ಕಕ್ಕಾಗಿ ಹೇಳುವುದಾದರೆ, 10 ಕೋಟಿ ಡಾಲರ್ ಮೌಲ್ಯದ ಪ್ರದೇಶ ಕಾಲಕ್ರಮದಲ್ಲಿ 30 ಕೋಟಿಗೆ ಏರಿತು ಎನ್ನೋಣ. ಶೇಕಡ 1ರ ದರದಲ್ಲಿ ಬರುವ 30 ಲಕ್ಷ ಡಾಲರ್ ತೆರಿಗೆಯಲ್ಲಿ ಹಳೆಯ ಪಾಲುದಾರರಾದ ಕೌಂಟಿ, ಶಾಲಾ ಜಿಲ್ಲೆ, ಸಮುದಾಯ ಕಾಲೇಜು ಮತ್ತು ನಗರ ಇವರೆಲ್ಲ ಹಂಚಿಕೊಳ್ಳಬೇಕಾದದ್ದು ಮೊದಲಿನ 10 ಲಕ್ಷವನ್ನೇ. ಉಳಿದ 20 ಲಕ್ಷ ಏಜೆನ್ಸಿಯದು. ಪಾಲುದಾರರಿಗೆ ಇದರಲ್ಲಿ ಒಂದಿಷ್ಟನ್ನು ಹಿಂತಿರುಗಿಸುವ ನಿಯಮ 1993ರಲ್ಲಿ ಗಟ್ಟಿಯಾಯಿತಾದರೂ ಮೂಲ ವ್ಯವಸ್ಥೆ ಬದಲಾಗಲಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ತೆರಿಗೆಯ ಏರಿಕೆ ಏಜೆನ್ಸಿಗೆ ಸಿಗಬೇಕಾದರೆ ಅದಕ್ಕೆ ತೀರಿಸಬೇಕಾದ ಸಾಲ ಇರಲೇಬೇಕು. ಹೀಗಾಗಿ ನಗರಗಳು ತಮ್ಮದೇ ಏಜೆನ್ಸಿಗೆ ಸಾಲ ಕೊಡುತ್ತಿದ್ದವು. ಕೊಟ್ಟವರೂ ಪಡೆದವರೂ ಒಂದೇ ಮೇಜಿನ ಸುತ್ತ ಕೂತವರು. ಮುಂದೆ ಆಸ್ತಿಯ ವ್ಯಾಜ್ಯಗಳಲ್ಲಿ ಈ ಸಾಲಗಳು ಮತ್ತೆ ಮತ್ತೆ ತಲೆಯೆತ್ತಿದವು. 1978ರ 13ನೇ ಪ್ರಸ್ತಾವವು ಆಸ್ತಿ ತೆರಿಗೆಯನ್ನು ಶೇಕಡ 1ಕ್ಕೆ ಕಟ್ಟಿಹಾಕಿದ ಮೇಲಂತೂ, ಕೈಕಟ್ಟಿದ ನಗರಗಳಿಗೆ ಪುನರಭಿವೃದ್ಧಿಯೇ ಉಳಿದ ದೊಡ್ಡ ಆದಾಯದ ದಾರಿಯಾಯಿತು. 2011ರ ಹೊತ್ತಿಗೆ ರಾಜ್ಯದ ಒಟ್ಟು ಆಸ್ತಿ ತೆರಿಗೆಯ ಸುಮಾರು ಶೇಕಡ 12, ಅಂದರೆ ವರ್ಷಕ್ಕೆ 500 ಕೋಟಿ ಡಾಲರ್‌ಗೂ ಮಿಕ್ಕಿದ ಹಣ, ಏಜೆನ್ಸಿಗಳಿಗೆ ಹರಿಯುತ್ತಿತ್ತು. ಶಾಲೆಗಳಿಗೆ ತಪ್ಪಿದ ಪಾಲನ್ನು ರಾಜ್ಯ ತನ್ನ ಬೊಕ್ಕಸದಿಂದ ತುಂಬಿಕೊಡಬೇಕಾಗಿತ್ತು. ಅದು ವರ್ಷಕ್ಕೆ 200 ಕೋಟಿ ಡಾಲರ್ ಮೀರಿತ್ತು. ಏಜೆನ್ಸಿಯ ನೆಲದಲ್ಲಿ ರಾಜ್ಯ ಸರ್ಕಾರಕ್ಕೆ ಏನು ಆಸಕ್ತಿ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

2011ರ ಜನವರಿಯಲ್ಲಿ, ಸುಮಾರು 2,500 ಕೋಟಿ ಡಾಲರ್ ಕೊರತೆಯ ಬಜೆಟ್ ಕೈಯಲ್ಲಿ ಹಿಡಿದು ರಾಜ್ಯಪಾಲ ಜೆರ್ರಿ ಬ್ರೌನ್ ಏಜೆನ್ಸಿಗಳನ್ನು ರದ್ದುಮಾಡುವ ಪ್ರಸ್ತಾಪವಿಟ್ಟರು. ಜೂನ್‌ನಲ್ಲಿ ಜೋಡಿ ಶಾಸನಗಳೆರಡು ಬಂದವು. ಮೊದಲನೆಯದು ಏಜೆನ್ಸಿಗಳನ್ನು ರದ್ದುಮಾಡಿತು. ಎರಡನೆಯದು, ಮೊದಲ ವರ್ಷ ಒಟ್ಟು 170 ಕೋಟಿ ಡಾಲರ್, ಆಮೇಲೆ ವರ್ಷಕ್ಕೆ 40 ಕೋಟಿ ಕೊಟ್ಟರೆ ಉಳಿಯಬಹುದು ಎಂದಿತು. ಏಜೆನ್ಸಿಗಳ ಸಂಘ ನ್ಯಾಯಾಲಯಕ್ಕೆ ಹೋಯಿತು. ರಾಜ್ಯವು ಪುನರಭಿವೃದ್ಧಿಯ ಹಣಕ್ಕೆ ಕೈ ಹಾಕಬಾರದು ಎಂದು 2010ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ್ದ 22ನೇ ಪ್ರಸ್ತಾವವೇ ಅದರ ಮುಖ್ಯ ಆಧಾರ. 2011ರ ಡಿಸೆಂಬರ್ 29ರಂದು ರಾಜ್ಯದ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಕ್ಯಾಥ್ರಿನ್ ವೆರ್ಡೆಗರ್ ಬರೆದ ತೀರ್ಪಿನಲ್ಲಿ, ರದ್ದತಿಯ ಶಾಸನವನ್ನು ಎತ್ತಿಹಿಡಿಯಿತು, ಉಳಿಯಲು ಹಣ ಕೇಳುವ ಶಾಸನವನ್ನು ತಳ್ಳಿಹಾಕಿತು. ಏಜೆನ್ಸಿಗಳನ್ನು ಹುಟ್ಟಿಸಿದ ಶಾಸನಸಭೆಗೆ ಅವನ್ನು ಮುಗಿಸುವ ಅಧಿಕಾರವೂ ಇದೆ. ಹಣ ಕೇಳುವುದಕ್ಕೆ ಮಾತ್ರ 22ನೇ ಪ್ರಸ್ತಾವ ಅಡ್ಡ ಬರುತ್ತದೆ ಎಂಬುದು ತೀರ್ಪಿನ ಸಾರ. ರಕ್ಷಣೆಗೆಂದು ತಂದ ಕಾನೂನೇ ಉಳಿವಿನ ಕೊನೆಯ ದಾರಿಯನ್ನು ಮುಚ್ಚಿತು.

ಆಸ್ತಿಯ ದೃಷ್ಟಿಯಿಂದ ನೋಡಿದರೆ ತೀರ್ಪಿಗಿಂತ ಅದಕ್ಕೂ ಮುಂಚಿನ ತಿಂಗಳುಗಳು ಮುಖ್ಯ. ಬ್ರೌನ್ ಅವರ ಪ್ರಸ್ತಾಪ ಹೊರಬಿದ್ದ ಕೆಲವೇ ವಾರಗಳಲ್ಲಿ ಹಲವು ನಗರಗಳು ತುರ್ತು ಸಭೆ ಕರೆದು ಏಜೆನ್ಸಿಯ ಜಮೀನುಗಳನ್ನು ನಗರದ ಹೆಸರಿಗೆ ವರ್ಗಾಯಿಸಿದವು. ಇದು ಎಡಗೈಯಿಂದ ಬಲಗೈಗೆ ಕೊಟ್ಟ ಹಾಗೆ: ಏಜೆನ್ಸಿಯ ಮಂಡಳಿಯಾಗಿ ಕೊಡಲು ಠರಾವು ಮಾಡಿದವರೇ, ನಗರಸಭೆಯಾಗಿ ಪಡೆಯಲೂ ಠರಾವು ಮಾಡಿದರು. ಇದು ಹೀಗಾದೀತೆಂದು ಶಾಸನಸಭೆಗೆ ಅಂದಾಜಿತ್ತು. ರಾಜ್ಯದ ಆರೋಗ್ಯ ಮತ್ತು ಸುರಕ್ಷತಾ ಸಂಹಿತೆಗೆ ಸೇರಿಸಿದ 34167.5ನೇ ಕಲಂ, 2011ರ ಜನವರಿ 1ರ ನಂತರ ಏಜೆನ್ಸಿ ಮತ್ತು ಅದನ್ನು ಹುಟ್ಟಿಸಿದ ನಗರದ ನಡುವೆ ನಡೆದ ಪ್ರತಿಯೊಂದು ವರ್ಗಾವಣೆಯನ್ನೂ ಪರಿಶೀಲಿಸುವ ಹೊಣೆಯನ್ನು ರಾಜ್ಯ ಕಂಟ್ರೋಲರ್‌ಗೆ ವಹಿಸಿತು. ಆ ಆಸ್ತಿ ಮೂರನೆಯವರಿಗೆ ಕರಾರಿನ ಮೂಲಕ ಕಟ್ಟುಬಿದ್ದಿಲ್ಲದಿದ್ದರೆ ವಾಪಸು ಕೊಡಿಸಬೇಕು. ಅಂಥ ವರ್ಗಾವಣೆ ಪುನರಭಿವೃದ್ಧಿಯ ಉದ್ದೇಶಕ್ಕಾಗಿ ನಡೆದದ್ದಲ್ಲ ಎಂದೇ ಭಾವಿಸತಕ್ಕದ್ದು ಎಂದು ಕಲಂ ಹೇಳುತ್ತದೆ. ನಗರ ಮತ್ತು ಅದರ ಏಜೆನ್ಸಿಯ ನಡುವಿನ ಸಾಲದ ಕರಾರುಗಳಲ್ಲಿ ಹೆಚ್ಚಿನವು ಕೂಡ ಬಂಧನಕಾರಿಯಲ್ಲ ಎಂದು ಶಾಸನ ಸಾರಿತು.

ನಗರಗಳ ಪರವಾಗಿಯೂ ಹೇಳುವ ಮಾತಿದೆ. ಅವಸರದಲ್ಲಿ ಹೆಸರು ಬದಲಿಸಿದ ಎಲ್ಲರನ್ನೂ ಕಳ್ಳರೆಂದು ನೋಡುವುದು ಅನ್ಯಾಯ. ಅರ್ಧ ಕಟ್ಟಿದ ಗ್ರಂಥಾಲಯ, ಆಟದ ಮೈದಾನಕ್ಕೆಂದು ಕಾದಿಟ್ಟ ಜಾಗ ಇವುಗಳನ್ನು ಉಳಿಸಿಕೊಳ್ಳಲು ಹೊರಟ ಪುಟ್ಟ ಊರುಗಳೂ ಅವುಗಳ ನಡುವೆ ಇದ್ದವು. ಆದರೆ ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಕೌಂಟಿಯ ಪಾಲು, ಶಾಲೆಯ ಪಾಲು ಮಾಯವಾಗುವುದಿಲ್ಲ. ಕಲಂ 34167.5 ಗಟ್ಟಿಯಾಗಿ ನಿಂತದ್ದು ಈ ನೆಲೆಯ ಮೇಲೆ.

ರದ್ದತಿಯ ನಂತರ ಪ್ರತಿ ಏಜೆನ್ಸಿಯ ಜಾಗದಲ್ಲಿ ಒಂದು ಉತ್ತರಾಧಿಕಾರಿ ಸಂಸ್ಥೆ ಬಂತು. ಸಾಮಾನ್ಯವಾಗಿ ನಗರವೇ ಆ ಪಾತ್ರ ವಹಿಸಿಕೊಂಡಿತು, ಆದರೆ ಈಗ ಅದರ ಕೆಲಸ ಕಟ್ಟುವುದಲ್ಲ, ಬಿಚ್ಚುವುದು. ಅದರ ಮೇಲೆ ಏಳು ಜನರ ಮೇಲ್ವಿಚಾರಣಾ ಮಂಡಳಿ. ಈ ಏಳು ಕುರ್ಚಿಗಳನ್ನು ಯಾರಿಗೆ ಕೊಟ್ಟರು ಎಂಬುದು ಗಮನಾರ್ಹ: ಕೌಂಟಿಯಿಂದ ಇಬ್ಬರು, ಶಾಲೆಗಳ ಕಡೆಯಿಂದ ಒಬ್ಬರು, ಸಮುದಾಯ ಕಾಲೇಜಿನಿಂದ ಒಬ್ಬರು, ದೊಡ್ಡ ವಿಶೇಷ ಜಿಲ್ಲೆಯಿಂದ ಒಬ್ಬರು, ಮೇಯರ್ ನೇಮಿಸುವ ಒಬ್ಬರು, ಹಳೆಯ ಏಜೆನ್ಸಿಯ ನೌಕರರ ಪ್ರತಿನಿಧಿ ಒಬ್ಬರು. ಅಂದರೆ ತೆರಿಗೆಯ ಪಾಲು ಕಳೆದುಕೊಂಡಿದ್ದವರಿಗೇ ಬಹುಮತ. 2018ರ ಜುಲೈನಿಂದ ಊರಿಗೊಂದಿದ್ದ ಈ ಮಂಡಳಿಗಳು ಕೌಂಟಿಗೆ ಒಂದರಂತೆ ಒಂದಾದವು. ಲಾಸ್ ಏಂಜಲೀಸ್ ಕೌಂಟಿಗೆ ಮಾತ್ರ ಐದು. ಮಂಡಳಿಯ ಮೇಲೆ ರಾಜ್ಯದ ಹಣಕಾಸು ಇಲಾಖೆ.

ಮೊದಲ ಶಾಸನದ ಆದೇಶ ನೇರವಾಗಿತ್ತು: ಆಸ್ತಿಯನ್ನು ಬೇಗ ಮಾರಿ, ಹೆಚ್ಚು ಬೆಲೆ ಬರುವ ಹಾಗೆ ಮಾರಿ, ಬಂದ ಹಣವನ್ನು ಪಾಲುದಾರರಿಗೆ ಹಂಚಿ. 2012ರ ಜೂನ್‌ನ ಎಬಿ 1484 ಎಂಬ ಶಾಸನ ಇದನ್ನು ಸ್ವಲ್ಪ ಸಡಿಲಿಸಿತು. ಲೆಕ್ಕಪರಿಶೋಧನೆಯಲ್ಲಿ ತೇಲಿದ ಬಾಕಿಯನ್ನೆಲ್ಲ ಕಟ್ಟಿದ ಸಂಸ್ಥೆಗೆ ಹಣಕಾಸು ಇಲಾಖೆ ಪೂರ್ಣಗೊಂಡ ಪತ್ರ ಕೊಡುತ್ತದೆ. ಪತ್ರ ಸಿಕ್ಕ ಆರು ತಿಂಗಳೊಳಗೆ ದೀರ್ಘಾವಧಿ ಆಸ್ತಿ ನಿರ್ವಹಣಾ ಯೋಜನೆಯನ್ನು ಸಲ್ಲಿಸಬೇಕು. ಅದರಲ್ಲಿ ಪ್ರತಿ ನಿವೇಶನಕ್ಕೂ ನಾಲ್ಕು ದಾರಿಗಳಲ್ಲಿ ಒಂದನ್ನು ಆರಿಸಬೇಕು: ಸರ್ಕಾರಿ ಬಳಕೆಗೆ ಉಳಿಸಿಕೊಳ್ಳುವುದು, ಮುಂದಿನ ಅಭಿವೃದ್ಧಿಗೆ ಉಳಿಸಿಕೊಳ್ಳುವುದು, ಮಾರುವುದು, ಹಿಂದೆಯೇ ಒಪ್ಪಿಕೊಂಡ ಬಾಧ್ಯತೆ ತೀರಿಸಲು ಬಳಸುವುದು. ವಸತಿಗೆಂದು ಮೀಸಲಾಗಿದ್ದ ಸ್ವತ್ತು ಈ ಯೋಜನೆಯ ಹೊರಗೆ, ಬೇರೆಯೇ ಪಟ್ಟಿಯ ಮೂಲಕ, ವಸತಿ ಉತ್ತರಾಧಿಕಾರಿಗೆ ಹೋಯಿತು. ತೆರಿಗೆ ಏರಿಕೆಯ ಶೇಕಡ 20ನ್ನು ಕಡಿಮೆ ಮತ್ತು ಮಧ್ಯಮ ಆದಾಯದವರ ಮನೆಗಳಿಗೆ ತೆಗೆದಿಡಬೇಕೆಂಬ 1976ರ ನಿಯಮದಿಂದ ಕೂಡಿದ ಸ್ವತ್ತು ಅದು.

ಈ ಯೋಜನೆಗಳ ಪಟ್ಟಿಯನ್ನು ಹತ್ತಿರದಿಂದ ಓದುವುದು ಸಂಶೋಧಕರಿಗೆ ಲಾಭದ ಕೆಲಸ. ಒಂದು ಸಾಲು ಒಂದು ನಿವೇಶನ. ಎಡದಿಂದ ಬಲಕ್ಕೆ ಶಾಸನ ಕೇಳಿದ ವಿವರಗಳು: ಕೊಂಡ ದಿನಾಂಕ, ಕೊಂಡಾಗಿನ ಮೌಲ್ಯ, ಈಗಿನ ಅಂದಾಜು ಮೌಲ್ಯ, ಕೊಂಡ ಉದ್ದೇಶ, ವಿಳಾಸ, ವಿಸ್ತೀರ್ಣ, ವಲಯ ನಿಯಮ, ಬರುತ್ತಿರುವ ಬಾಡಿಗೆ, ಮಣ್ಣಿನಲ್ಲಿ ಮಾಲಿನ್ಯದ ಇತಿಹಾಸ, ಬಸ್ಸು-ರೈಲಿನ ಹತ್ತಿರ ಕಟ್ಟಡ ಕಟ್ಟುವ ಸಾಧ್ಯತೆ, ಹಿಂದೆ ಬಂದುಹೋದ ಅಭಿವೃದ್ಧಿ ಪ್ರಸ್ತಾಪಗಳು. ಒಣ ಅಂಕಣಗಳಂತೆ ಕಂಡರೂ ಊರೊಂದರ ನಲವತ್ತು ಐವತ್ತು ವರ್ಷಗಳ ಆಸೆ ಮತ್ತು ಸೋಲು ಇವುಗಳಲ್ಲಿ ಸಾಲಾಗಿ ಕೂತಿದೆ. ನೆಲದಲ್ಲಿ ಹಿಂದೆ ಇಂಧನ ಸೋರಿದ್ದರೆ ಅದಕ್ಕೆ ಅಂಕಣವಿದೆ. ಅದೇ ನೆಲದಲ್ಲಿ ಹಿಂದೆ ಯಾರು ವಾಸವಾಗಿದ್ದರು, ಅವರನ್ನು ಎಲ್ಲಿಗೆ ಕಳಿಸಲಾಯಿತು ಎಂಬುದಕ್ಕೆ ಅಂಕಣವಿಲ್ಲ.

ಸರ್ಕಾರಿ ಬಳಕೆ ಎಂದು ಬರೆದರೆ ನಗರಕ್ಕೆ ನೆಲ ಪುಕ್ಕಟೆ ಸಿಗುತ್ತದೆ. ರಸ್ತೆ, ಶಾಲಾ ಕಟ್ಟಡ, ಉದ್ಯಾನ, ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ, ಗ್ರಂಥಾಲಯ, ಆಡಳಿತ ಕಚೇರಿ ಇವುಗಳಲ್ಲಿ ತಕರಾರಿಲ್ಲ. ಜಗಳ ಹುಟ್ಟಿದ್ದು ವಾಹನ ನಿಲುಗಡೆಯ ಜಾಗಗಳಲ್ಲಿ. ಹಳೆಯ ಪೇಟೆಗೆ ಗಿರಾಕಿಗಳನ್ನು ಮರಳಿ ಕರೆಯಬೇಕೆಂದು ದಶಕಗಳ ಕಾಲ ಏಜೆನ್ಸಿಗಳು ಕಟ್ಟಡ ಕೆಡವಿ ನಿಲುಗಡೆ ಜಾಗ ಮಾಡಿದ್ದವು. ನಗರಗಳ ಪ್ರಕಾರ ಅದು ರಸ್ತೆಯಷ್ಟೇ ಸಾರ್ವಜನಿಕ. ಅದನ್ನು ಮಾರಿದರೆ ಸುತ್ತಲ ಅಂಗಡಿಗಳಿಗೆ ಉಸಿರು ಕಟ್ಟುತ್ತದೆ. ಹಣಕಾಸು ಇಲಾಖೆಯ ಕಣ್ಣಿಗೆ ಅದು ಊರ ನಡುವೆ ಖಾಲಿ ಬಿದ್ದ ಬೆಲೆಬಾಳುವ ನಿವೇಶನ. 2015ರ ಎಸ್‌ಬಿ 107 ಇದಕ್ಕೊಂದು ನಡುದಾರಿ ಹುಡುಕಿತು. ಕೇವಲ ಸಾರ್ವಜನಿಕ ನಿಲುಗಡೆಗೆ ಮೀಸಲಾಗಿದ್ದು, ನ್ಯಾಯವಾದ ನಿರ್ವಹಣಾ ವೆಚ್ಚಕ್ಕಿಂತ ಹೆಚ್ಚು ಆದಾಯ ತಾರದ ಜಾಗವಾದರೆ ಅದೂ ಸರ್ಕಾರಿ ಬಳಕೆಯೇ. ಆಗಲೇ ಮಂಜೂರಾಗಿದ್ದ ಯೋಜನೆಯನ್ನು ಈ ಒಂದು ಕಾರಣಕ್ಕೆ ಒಮ್ಮೆ ತಿದ್ದಿಕೊಳ್ಳಲು 2016ರ ಜುಲೈ 1ರವರೆಗೆ ಅವಕಾಶ ಸಿಕ್ಕಿತು. ಲಾಭ ತರುವುದೇ ಇಲ್ಲವೇ ಎಂಬುದರ ಮೇಲೆ ನೆಲದ ಸಾರ್ವಜನಿಕತೆಯನ್ನು ಅಳೆಯುವ ಈ ಮಾನದಂಡ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಪಾಲುದಾರರ ದೃಷ್ಟಿಯಿಂದ ಅದರಲ್ಲಿ ಒಂದು ತರ್ಕವಿದೆ: ಹಣ ತರುವ ನೆಲವಾದರೆ ಆ ಹಣ ಒಬ್ಬರದೇ ಆಗಬಾರದು.

ನಿಜವಾದ ಪರೀಕ್ಷೆ ಎರಡನೆಯ ದಾರಿಯಲ್ಲಿದೆ. ಮುಂದಿನ ಅಭಿವೃದ್ಧಿಗೆಂದು ನೆಲವನ್ನು ತನ್ನ ಹೆಸರಿಗೆ ಪಡೆಯುವ ನಗರವು, 34180ನೇ ಕಲಮಿನ ಪ್ರಕಾರ, ಉಳಿದ ತೆರಿಗೆ ಪಾಲುದಾರರೊಡನೆ ಪರಿಹಾರದ ಒಪ್ಪಂದ ಮಾಡಿಕೊಳ್ಳಬೇಕು. ಮೂಲ ಆಸ್ತಿ ತೆರಿಗೆಯಲ್ಲಿ ಅವರವರ ಪಾಲು ಎಷ್ಟೋ, ನೆಲದ ಬೆಲೆಯಲ್ಲೂ ಅಷ್ಟು. ಬೆಲೆಯ ವಿಷಯದಲ್ಲಿ ಒಪ್ಪಂದಕ್ಕೆ ಬಾರದಿದ್ದರೆ ಮೇಲ್ವಿಚಾರಣಾ ಮಂಡಳಿ ಒಪ್ಪಿದ ಸ್ವತಂತ್ರ ಮೌಲ್ಯಮಾಪಕರು 2011ರ ತೆರಿಗೆ ದಿನದ ಮಾರುಕಟ್ಟೆ ಬೆಲೆಯನ್ನು ನಿಗದಿಮಾಡಬೇಕು. ಹೆಚ್ಚಿನ ಕಡೆ ನಗರಗಳ ಬಳಿ ಆಗಲೇ ಕೊಡಲು ಹಣವಿರಲಿಲ್ಲ. ಹೀಗಾಗಿ ನೆಲ ಈಗ ನಗರಕ್ಕೆ, ಮುಂದೆ ಮಾರಿದಾಗ ಬಂದ ಹಣದಲ್ಲಿ ಎಲ್ಲರಿಗೂ ಪಾಲು ಎಂಬ ರೂಪದ ಒಪ್ಪಂದಗಳು ಬಂದವು. ಇಡೀ ಪ್ರಕರಣದಲ್ಲಿ ಅತ್ಯಂತ ವಿವೇಕದ ವ್ಯವಸ್ಥೆ ಇದೇ ಎಂದು ನನ್ನ ಭಾವನೆ. ನೆಲವನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಒಬ್ಬರ ಕೈಯಲ್ಲಿ ಉಳಿಯಿತು; ಅದರ ಬೆಲೆ ಹಲವರದ್ದಾಯಿತು.

ತೊಡಕು ಬೇರೆ ಕಡೆ ಇತ್ತು. ಬೆಲೆ ಹೆಚ್ಚಿಸಿಕೊಳ್ಳುವುದೇ ಪಾಲುದಾರರೆಲ್ಲರ ಹಿತವಾದಾಗ, ಕಡಿಮೆ ಬಾಡಿಗೆಯ ಮನೆ ಕಟ್ಟುವವರಿಗೆ ಅಗ್ಗವಾಗಿ ಕೊಡುವ ಮಾತು ಯಾರ ಬಾಯಿಂದ ಬರಬೇಕು? ಲಾಸ್ ಏಂಜಲೀಸ್ ನಗರವಂತೂ ಉತ್ತರಾಧಿಕಾರಿಯಾಗಲು ಒಪ್ಪಲೇ ಇಲ್ಲ. ಅಲ್ಲಿ ರಾಜ್ಯಪಾಲರು ನೇಮಿಸಿದ ಮೂವರ ಮಂಡಳಿ ಆ ಕೆಲಸ ನಡೆಸಬೇಕಾಯಿತು, ಭೂಬಳಕೆಯ ಅಧಿಕಾರಗಳು ನಗರಕ್ಕೆ ಬಂದದ್ದು 2019ರ ನವೆಂಬರ್‌ನಲ್ಲಿ. ಅದೇ ವರ್ಷ ಬಂದ ಎಬಿ 1486, ಹೆಚ್ಚುವರಿ ಸಾರ್ವಜನಿಕ ಭೂಮಿಯ ಕಾಯ್ದೆಯನ್ನು ಬಿಗಿಗೊಳಿಸಿ ಹಳೆಯ ಏಜೆನ್ಸಿಗಳ ನೆಲವನ್ನೂ ಅದರೊಳಗೆ ತಂದಿತು. ಮಾರುವ ಮೊದಲು ಕೈಗೆಟಕುವ ವಸತಿ ಕಟ್ಟುವವರಿಗೆ ತಿಳಿಸಬೇಕು, 60 ದಿನ ಕಾಯಬೇಕು, ಆಸಕ್ತರು ಬಂದರೆ 90 ದಿನ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು. ರದ್ದತಿಯಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ ಬಂದ ನಿಯಮವಾದ್ದರಿಂದ, ಅಷ್ಟರಲ್ಲಿ ಮಾರಿಹೋದ ನೆಲಕ್ಕೆ ಅದು ಅನ್ವಯಿಸಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಉದಾಹರಣೆಯಲ್ಲಿ ಈ ಎಳೆಗಳೆಲ್ಲ ಒಟ್ಟಿಗೆ ಸಿಗುತ್ತವೆ. ಅಲ್ಲಿನ ಏಜೆನ್ಸಿ 1948ರದ್ದು. ಉಳಿದ ಊರುಗಳಂತೆ ನಗರಸಭೆಯೇ ಅದನ್ನು ನಡೆಸುತ್ತಿರಲಿಲ್ಲ, ಮೇಯರ್ ನೇಮಿಸಿದ ಆಯುಕ್ತರು ನಡೆಸುತ್ತಿದ್ದರು. ಕೇಂದ್ರದ 1949ರ ವಸತಿ ಕಾಯ್ದೆಯು ನಗರ ನವೀಕರಣದ ನಿವ್ವಳ ವೆಚ್ಚದಲ್ಲಿ ಮೂರನೇ ಎರಡು ಪಾಲು ಕೊಡುತ್ತಿತ್ತು. ಆ ಬಲದಿಂದ, ಅದರಲ್ಲೂ 1959ರಿಂದ 1971ರವರೆಗೆ ಜಸ್ಟಿನ್ ಹರ್ಮನ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ, ವೆಸ್ಟರ್ನ್ ಅಡಿಷನ್ ಪ್ರದೇಶದ ಬೀದಿ ಬೀದಿಗಳೇ ನೆಲಸಮವಾದವು. ಯುದ್ಧಕಾಲದ ಹಡಗುಕಟ್ಟೆಗಳ ಕೆಲಸಕ್ಕೆ ಬಂದು ಅಲ್ಲಿನ ಫಿಲ್ಮೋರ್ ಭಾಗದಲ್ಲಿ ನೆಲೆಸಿದ್ದ ಕಪ್ಪು ಜನರು, 1942ರ ಬಂಧನ ಶಿಬಿರಗಳಿಂದ ಮರಳಿದ್ದ ಜಪಾನೀ ಮೂಲದ ಕುಟುಂಬಗಳು ಅಲ್ಲಿಂದ ಏಳಬೇಕಾಯಿತು. ಮಾರ್ಕೆಟ್ ಸ್ಟ್ರೀಟ್‌ನ ದಕ್ಷಿಣಕ್ಕೆ ಯೆರ್ಬಾ ಬ್ವೇನಾ ಯೋಜನೆಗಾಗಿ ಒಂಟಿ ಕೋಣೆಯ ಹೋಟೆಲುಗಳನ್ನು ಕೆಡವಲಾಯಿತು. ಅವುಗಳಲ್ಲಿ ಇದ್ದವರಲ್ಲಿ ಬಹಳ ಮಂದಿ ನಿವೃತ್ತ ನಾವಿಕರು, ಬಂದರು ಕಾರ್ಮಿಕರು. ಕಾರ್ಮಿಕ ಸಂಘಟನೆಯಲ್ಲಿ ಪಳಗಿದ್ದ ಜಾರ್ಜ್ ವುಲ್ಫ್ ಅವರ ನೇತೃತ್ವದಲ್ಲಿ ಆ ಬಾಡಿಗೆದಾರರು ಸಂಘ ಕಟ್ಟಿ ಕೋರ್ಟಿಗೆ ಹೋದರು, 1973ರ ರಾಜಿಯಲ್ಲಿ ತಮ್ಮ ಮನೆಗಳಿಗೆ ನಿವೇಶನ ಗೆದ್ದರು. 1979ರಲ್ಲಿ ತೆರೆದ ವುಲ್ಫ್ ಹೌಸ್ ಆ ಹೋರಾಟದ ಫಲ.

ಉಳಿದ ನೆಲದಲ್ಲಿ 1981ರಲ್ಲಿ ಮಾಸ್ಕೋನ್ ಸಮಾವೇಶ ಭವನ, ಅದರ ನೆತ್ತಿಯ ಮೇಲೆ 1993ರಲ್ಲಿ ಉದ್ಯಾನ ಮತ್ತು ಕಲಾಕೇಂದ್ರ ಬಂದವು. ಜಲಪಾತದ ಹಿಂದೆ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕ, ಮಕ್ಕಳಿಗೆ 1906ರಲ್ಲಿ ತಯಾರಾದ ಮರದ ಕುದುರೆಗಳ ತಿರುಗುಣಿ. ಉದ್ಯಾನದ ಖರ್ಚಿಗೆ ಅಕ್ಕಪಕ್ಕದ ವಾಣಿಜ್ಯ ಗುತ್ತಿಗೆಗಳ ಆದಾಯ. ಇದರಲ್ಲಿ ಯಾವುದು ಸರ್ಕಾರಿ ಬಳಕೆ, ಯಾವುದು ಆದಾಯದ ಆಸ್ತಿ? ಹುಲ್ಲುಹಾಸನ್ನೂ ಅದನ್ನು ಪೋಷಿಸುವ ಬಾಡಿಗೆಯನ್ನೂ ಬೇರೆ ಮಾಡಿದರೆ ನಗರಕ್ಕೆ ಹೋಗುವುದು ಉದ್ಯಾನವಲ್ಲ, ಬರೀ ನಿರ್ವಹಣೆಯ ಭಾರ. ಉತ್ತರಾಧಿಕಾರಿ ಸಂಸ್ಥೆ ಯೋಜನೆ ರೂಪಿಸಿ ಒಪ್ಪಿಗೆ ಪಡೆದ ಮೇಲೆ, ಉದ್ಯಾನದ ಸ್ವತ್ತು ನಗರದ ಹೆಸರಿಗೆ ಬಂದದ್ದು 2019ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ನಗರವೂ ಹೌದು, ಕೌಂಟಿಯೂ ಹೌದು. ಆಸ್ತಿ ತೆರಿಗೆಯ ದೊಡ್ಡ ಪಾಲು ಅದಕ್ಕೇ. ಹೀಗಾಗಿ ತೆರಿಗೆ ಪಾಲುದಾರರ ಲೆಕ್ಕ ಅಲ್ಲಿ ಹೋಲಿಕೆಯಲ್ಲಿ ಸುಲಭವಾಗಿಯೇ ಮುಗಿಯಿತು.

ಮುಗಿಯದ್ದು ಇನ್ನೊಂದು ಲೆಕ್ಕ. ಕೆಡವಿದಷ್ಟು ಮನೆಗಳನ್ನು ಮತ್ತೆ ಕಟ್ಟಿಕೊಡಬೇಕೆಂಬ ನಿಯಮ ರಾಜ್ಯದಲ್ಲಿ ಬಂದದ್ದು 1976ರಲ್ಲಿ. ಅದಕ್ಕೆ ಮೊದಲು ಸ್ಯಾನ್ ಫ್ರಾನ್ಸಿಸ್ಕೋದ ಏಜೆನ್ಸಿ 14,207 ಮನೆಗಳನ್ನು ಕೆಡವಿತ್ತು. ಬದಲಿಯಾಗಿ ಕಟ್ಟಿದ್ದು 7,498. ಉಳಿದ 6,709 ಮನೆಗಳ ಬಾಕಿಯನ್ನು ಒಪ್ಪಿಕೊಂಡು, ಅವುಗಳಿಗೆ ತೆರಿಗೆ ಏರಿಕೆಯ ಹಣ ಬಳಸಲು 2000ದ ಶಾಸನವೊಂದು ಅನುಮತಿ ಕೊಟ್ಟಿತು. 2012ರ ರದ್ದತಿ ಆ ಹಣದ ಮೂಲವನ್ನೇ ಒಣಗಿಸಿತು. ಆ ಹೊತ್ತಿಗೆ 867 ಮನೆಗಳಷ್ಟೇ ದಾರಿ ಕಂಡಿದ್ದವು. ತೆರಿಗೆಯ ಬಾಕಿಯನ್ನು ಡಾಲರ್‌ವರೆಗೆ ಲೆಕ್ಕ ಹಾಕಿಸಿದ ಶಾಸನ, ಅದೇ ನೆಲದ ಮೇಲಿದ್ದ ಈ ಬಾಕಿಯನ್ನು ತೀರಿಸಬೇಕಾದ ಬಾಧ್ಯತೆಯೆಂದು ಪರಿಗಣಿಸಲಿಲ್ಲ. ಆಸ್ತಿ ಹಂಚಿಕೆಯ ವರ್ಷಗಳಲ್ಲಿ ಏಳು ಕುರ್ಚಿಗಳ ಸುತ್ತ ನಡೆದ ಚರ್ಚೆಯಲ್ಲಿ ಒಕ್ಕಲೆದ್ದವರ ಪರವಾಗಿ ಕೂರುವ ಎಂಟನೆಯ ಕುರ್ಚಿ ಇದ್ದಿದ್ದರೆ ಯೋಜನೆಗಳ ಪಟ್ಟಿಯೇ ಬೇರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ.

2023ರಲ್ಲಿ ಅಂಕಿತವಾದ ಎಸ್‌ಬಿ 593 ಉಳಿದ 5,842 ಮನೆಗಳ ಬಾಕಿಗೆ ಮತ್ತೆ ದಾರಿ ತೆರೆಯಿತು. ಹಳೆಯ ಯೋಜನಾ ಪ್ರದೇಶಗಳ ತೆರಿಗೆಯ ಉಳಿಕೆ ಹಣವನ್ನು ಆ ಮನೆಗಳಿಗಾಗಿ ಬಳಸಲು ನಗರದ ಉತ್ತರಾಧಿಕಾರಿ ಸಂಸ್ಥೆಗೆ ಅನುಮತಿ ಸಿಕ್ಕಿದೆ. ಒಕ್ಕಲೆದ್ದ ಕುಟುಂಬಗಳಿಗೆ 1960ರ ದಶಕದಿಂದ ಏಜೆನ್ಸಿ ಕೊಡುತ್ತಿದ್ದ ವಸತಿಯ ಆದ್ಯತಾ ಪತ್ರಗಳು ಈಗ 2021ರ ತಿದ್ದುಪಡಿಯಿಂದ ವಂಶಸ್ಥರಿಗೂ ಸಲ್ಲುತ್ತವೆ. ಆದ್ದರಿಂದ ಮುಂದಿನ ಸಂಶೋಧನೆಗೆ ಎರಡು ದಾಖಲೆಗಳು ಒಟ್ಟಿಗೆ ಮೇಜಿನ ಮೇಲೆ ಬರಬೇಕು: ನಗರಕ್ಕೆ ವರ್ಗಾವಣೆಯಾದ ನಿವೇಶನಗಳ ಪಟ್ಟಿ, ಮತ್ತು ಆದ್ಯತಾ ಪತ್ರಗಳಲ್ಲಿ ನಮೂದಾದ ಹಳೆಯ ವಿಳಾಸಗಳ ಪಟ್ಟಿ. ಯಾವ ಸರ್ವೆ ನಂಬರಿನ ಮೇಲೆ ಯಾರ ಮನೆಯಿತ್ತು ಎಂದು ಇವೆರಡನ್ನು ಸಾಲು ಸಾಲಾಗಿ ಜೋಡಿಸಿದರೆ, 5,842 ಮನೆಗಳಲ್ಲಿ ಎಷ್ಟನ್ನು ಮೊದಲಿದ್ದ ಬೀದಿಗಳಲ್ಲೇ ಕಟ್ಟಲು ನಗರದ ಬಳಿ ಇನ್ನೂ ನೆಲವಿದೆ ಎಂಬುದು ಸ್ಪಷ್ಟವಾಗುತ್ತದೆ.